ಕಾಪಿ ಮುಟ್ಟದ ಹನುಮಂತರಾಯಪ್ಪ

ಹನುಮಂತರಾಯಪ್ಪ ಗಂಡಿನ ಮನೆಗೆ ಹೋದರೆ ಮಾತು ಕುದುರುವ ತನಕ ಒಂದು ಗುಟುಕು ನೀರು ಮುಟ್ಟುತ್ತಿರಲಿಲ್ಲ. ಹೆಗಲಿಗೆ ಸ್ವಂತ ನೀರಿನ ಬಾಟಲಿ ನೇತುಹಾಕಿಕೊಂಡೇ ಹೊರಡುತ್ತಿದ್ದರು. ಯಾಕೆಂದು ಕೇಳಿದರೆ, “ಅವರ ಕಾಪಿ ಕುಡಿದ್ಬಿಟ್ರೆ ಅವರ ಹುಳುಕು ಕೇಳಕ್ಕೆ ನಾಚ್ಕೆ ಆಯ್ತದೆ ಕಣವ್ವ,” ಅನ್ನುತ್ತಿದ್ದರು. ತ್ಯಾಮಗೊಂಡ್ಲು ಸುತ್ತಮುತ್ತ ಅರ್ಧ ಸಂಸಾರಗಳು ಅವರು ಕೂಡಿಸಿದವೇ. ಉಳಿದರ್ಧ ಅವರ ಮಾತು ಕೇಳದೆ ಕೆಟ್ಟವು ಎಂಬುದು ಅವರದೇ ಲೆಕ್ಕ.

ನನಗೆ ಗಂಡು ಹುಡುಕಲೆಂದು ಅಪ್ಪ ಅವರನ್ನು ಕರೆಸಿದ್ದರು. ನಾನು ಆಗಷ್ಟೇ ಬಿ.ಕಾಂ. ಮುಗಿಸಿ, ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡುತ್ತೇನೆಂದು ಹಟ ಹಿಡಿದು ಕೂತಿದ್ದೆ. ಅಷ್ಟು ಸಣ್ಣ ಊರಿಗೆ ಮೂರು ಸ್ಮಶಾನ ಯಾಕೆ ಎಂದು ಚಿಕ್ಕಂದಿನಿಂದ ಕೇಳಿ ಕೇಳಿ ಬೈಸಿಕೊಂಡವಳು ನಾನು. ಅದನ್ನೇ ಕೇಳುವ ಓದು ಒಂದಿದೆ ಎಂದು ಗೊತ್ತಾದ ಮೇಲೆ ಬಿಡಲು ಮನಸ್ಸಾಗಲಿಲ್ಲ. ದಾಬಸ್‌ಪೇಟೆಯ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದ ಅಪ್ಪ ಒಂದೇ ಮಾತು ಹೇಳಿದರು: ಆಷಾಢ ಮುಗಿಯುವುದರೊಳಗೆ ಸೀಟು ಸಿಕ್ಕರೆ ಓದು, ಇಲ್ಲದಿದ್ದರೆ ಶ್ರಾವಣಕ್ಕೆ ಗಂಡು.

ಆಷಾಢದಲ್ಲಿ ಯಾರು ಮದುವೆ ಮಾತಾಡುತ್ತಾರೆ? ಹನುಮಂತರಾಯಪ್ಪನಿಗೆ ಕೈಯಲ್ಲಿ ಕೆಲಸವಿರಲಿಲ್ಲ. ನಾನು ಮೊಬೈಲಿನಲ್ಲಿ ಇಳಿಸಿಕೊಂಡಿದ್ದ ಮೂರು ವಿಶ್ವವಿದ್ಯಾಲಯಗಳ ಪ್ರವೇಶದ ನಿಯಮಗಳನ್ನು ನನ್ನಿಂದ ಓದಿಸಿಕೊಂಡು, ಗಂಡುಗಳ ನೋಟ್‌ಬುಕ್ಕಿನಲ್ಲೇ ಗೆರೆ ಎಳೆದು ಬರೆದುಕೊಂಡರು. ಮೊದಲನೆಯದಕ್ಕೆ ಪದವಿಯಲ್ಲೂ ಸಮಾಜಶಾಸ್ತ್ರವನ್ನೇ ಓದಿರಬೇಕು. ಅವರು ಬರೆದದ್ದು: ‘ಸ್ವಜಾತಿಯೇ ಬೇಕಂತೆ.’ ಎರಡನೆಯದಕ್ಕೆ ಯಾವ ಪದವಿಯಾದರೂ ಸರಿ, ಆದರೆ ಶೇಕಡ ಐವತ್ತು ಬೇಕು. ನನ್ನದು ನಲವತ್ತೊಂಬತ್ತು. ‘ಹುಡುಗಿ ಒಂದಿಂಚು ಗಿಡ್ಡ.’ ಮೂರನೆಯದಕ್ಕೆ ನಲವತ್ತೈದು ಸಾಕು, ಆದರೆ ಪ್ರವೇಶ ಪರೀಕ್ಷೆ. ‘ಅತ್ತೆ ಜೋರು, ಮನೆ ಒಳ್ಳೇದು.’ ಇತಿಹಾಸಕ್ಕಾದರೆ ಅದೇ ಎರಡನೆಯ ಕಡೆ ಯಾರಿಗೆ ಬೇಕಾದರೂ ಸೀಟು ಕೊಡುತ್ತಾರಂತೆ ಎಂದೆ. ಅದಕ್ಕೆ ಅವರು ಪೆನ್ನೇ ಎತ್ತಲಿಲ್ಲ. ಕೇಳಿದವರಿಗೆಲ್ಲ ಹ್ಞೂಂ ಅನ್ನುವ ಮನೆಯಲ್ಲಿ ಏನೋ ಐಬು ಇರುತ್ತದಂತೆ.

ಕಾಗದ ನೋಡಿ ಹೆಣ್ಣು ಕೊಡುವುದಕ್ಕಾಗುತ್ತದೆಯೇ? ಮನೆ ನೋಡಬೇಕು. ಅಪ್ಪ, ನಾನು, ಅವರು ಹೊರಟರೆ ಮೂವರಾಗುತ್ತೇವೆ, ಮೂವರು ಹೋಗಬಾರದೆಂದು ತಮ್ಮ ಹೆಂಡತಿ ಸಣ್ಣಮ್ಮನನ್ನೂ ಕರೆತಂದರು. ಪಾಪ, ಸಣ್ಣಮ್ಮ ರೇಷ್ಮೆ ಸೀರೆ ಉಟ್ಟು, ಎಲೆ ಅಡಿಕೆ ತಟ್ಟೆ ಹಿಡಿದು ವಿಶ್ವವಿದ್ಯಾಲಯದ ಬಸ್ಸು ಹತ್ತಿದರು. ನಾನು ಮುಖ ಮುಚ್ಚಿಕೊಳ್ಳಲು ದುಪಟ್ಟಾ ಸಾಲದೆ ಒದ್ದಾಡಿದೆ.

ಮೊದಲು ಆ ಒಂದಿಂಚಿನ ವಿಶ್ವವಿದ್ಯಾಲಯ. ಕಚೇರಿಯ ಗುಮಾಸ್ತರ ಮುಂದೆ ನಾಲ್ವರೂ ಕೂತೆವು. ಹನುಮಂತರಾಯಪ್ಪ ಗಂಟಲು ಸರಿಮಾಡಿಕೊಂಡು ಶುರುಮಾಡಿದರು. “ಸಾರ್, ಸೆಗಣಿ ಬಾಚಿ, ಎರಡು ಬಸ್ಸು ನಿಂತ್ಕಂಡೇ ಹೋಗಿ ನಲವತ್ತೊಂಬತ್ತು ತಗಂಡವ್ಳೆ. ಕೂತ್ಕಂಡು ಹೋದೋರ ಐವತ್ತಕ್ಕಿಂತ ಇದು ತೂಕ. ಒಂದು ನೀವು ಬಿಟ್ಕೊಡಿ.”

ಇದು ಚೌಕಾಸಿಯ ವಿಷಯವಲ್ಲ ಎಂದು ಗುಮಾಸ್ತರು ಹೇಳಿದರು. ಹಾಗಾದರೆ ಅರ್ಧವಾದರೂ ಬಿಡಿ ಎಂದರು ಇವರು. ಅರ್ಧ ಬಿಟ್ಟರೂ ನನಗೆ ಉಪಯೋಗವಿಲ್ಲ ಎಂದು ಇವರಿಗೆ ಹೊಳೆಯಲೇ ಇಲ್ಲ; ಇವರಿಗೆ ಎದುರಿನವರು ಇಳಿದರೆ ಸಾಕಿತ್ತು. ಕೊನೆಗೆ ಗುಮಾಸ್ತರೇ ಮರುಕಪಟ್ಟು ನಾಲ್ಕು ಕಾಪಿ ತರಿಸಿದರು. ಅಪ್ಪನ ಕೈ ಲೋಟದ ತನಕ ಹೋಗಿತ್ತು. “ಏಳಿ ಗೌಡ್ರೇ, ಆಗದ ಮನೇಲಿ ಕಾಪಿ ಬ್ಯಾಡ,” ಎಂದು ಎಬ್ಬಿಸಿಬಿಟ್ಟರು. ಅಪ್ಪ ದಾರಿಯುದ್ದಕ್ಕೂ ಆ ಕಾಪಿಯ ಮಾತೇ ಆಡಿದರು.

ಮೂರನೆಯ ಕಡೆ ವಿಭಾಗದ ಮುಖ್ಯಸ್ಥೆ ಮೇಡಂ ಸಿಕ್ಕರು. ಹನುಮಂತರಾಯಪ್ಪ ಅಂಕದ ಮಾತೇ ತೆಗೆಯಲಿಲ್ಲ. “ನಿಮ್ಮನೆ ಸೇರಿದ ಹೆಣ್ಮಕ್ಕಳು ಈಗ ಎಲ್ಲವ್ರೆ, ಹೆಂಗವ್ರೆ?” ಎಂದು ಕೇಳಿದರು. ಮೇಡಂ ಕನ್ನಡಕ ತೆಗೆದಿಟ್ಟು, ನೆನಪಿದ್ದ ಒಬ್ಬೊಬ್ಬರ ಹೆಸರನ್ನೂ ಹೇಳುತ್ತಾ ಹೋದರು. ಅಪ್ಪ ಅಷ್ಟು ಹೊತ್ತು ಸುಮ್ಮನೆ ಕೂತು ಏನನ್ನಾದರೂ ಕೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಪರೀಕ್ಷೆ ಬರೆದೆ. ಆಷಾಢ ಮುಗಿಯಲು ಎರಡು ದಿನವಿದ್ದಾಗ ಪಟ್ಟಿಯಲ್ಲಿ ನನ್ನ ಹೆಸರು ಬಂತು. ಅವತ್ತು ಹನುಮಂತರಾಯಪ್ಪ ಅಲ್ಲಿನ ಕ್ಯಾಂಟೀನಿನಲ್ಲಿ ಎರಡೆರಡು ಲೋಟ ಕಾಪಿ ಕುಡಿದರು. ನನಗೆ ಅಳು ಬಂತು, ಅಲ್ಲೇ ಅತ್ತುಬಿಟ್ಟೆ.

ಈಗ ನಾನು ದೊಡ್ಡಬಳ್ಳಾಪುರದ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರದ ಅತಿಥಿ ಉಪನ್ಯಾಸಕಿ. ಹೋದ ವರ್ಷ ಎಂ.ಎ. ಪ್ರವೇಶದ ಮೇಜಿನ ಹಿಂದೆ ಕೂತಿದ್ದಾಗ ನಾಲ್ವರು ಒಳಗೆ ಬಂದರು. ರಾಜಘಟ್ಟದ ಭಾಗ್ಯ ಎಂಬ ಹುಡುಗಿ, ಅವಳಪ್ಪ, ಎಲೆ ಅಡಿಕೆ ತಟ್ಟೆಯ ಸಣ್ಣಮ್ಮ, ಹೆಗಲಿಗೆ ಬಾಟಲಿಯ ಹನುಮಂತರಾಯಪ್ಪ. ನಾನು ಸಂಭ್ರಮದಿಂದ ಎದ್ದು ನಿಂತರೆ, ಆ ಮನುಷ್ಯ ನನ್ನ ಗುರುತೇ ಇಲ್ಲದವರ ಹಾಗೆ ಕೂತು ನೋಟ್‌ಬುಕ್ ಬಿಚ್ಚಿದರು. ಕಾಪಿ ತರಿಸಿದೆ. ಲೋಟವನ್ನು ನನ್ನ ಕಡೆಗೇ ಸರಿಸಿದರು.

“ಮೇಡಂ, ಈಗ ನೀವು ಗಂಡಿನ ಕಡೆಯೋರು. ಮಾತು ಇನ್ನೂ ಕುದುರಿಲ್ಲ.”

ಆ ಹುಡುಗಿಯ ಒಂದು ಅಂಕಪಟ್ಟಿ ಬರುವುದು ಬಾಕಿ ಇತ್ತು, ಕೊನೆಯ ಪಟ್ಟಿಯವರೆಗೆ ಕಾಯಬೇಕಿತ್ತು. ಹೊರಡುವಾಗ ಹನುಮಂತರಾಯಪ್ಪ ಬಾಗಿಲ ಹತ್ತಿರ ತಿರುಗಿ, ಪಟ್ಟಿಯ ದಿನ ಎರಡು ಲೋಟ ಇಟ್ಟಿರು ಎಂದರು. ಪಟ್ಟಿ ಬರುವ ಮೊದಲೇ ಎದೆ ನೋವಿನಲ್ಲಿ ಹೋಗಿಬಿಟ್ಟರು.

ಹನ್ನೊಂದನೆಯ ದಿನದ ತಿಥಿಗೆ ಹೋದೆ. ಪಂಕ್ತಿಯಲ್ಲಿ ಕೂರಿಸಲು ಬಂದವರಿಗೆಲ್ಲ ಬೇಡ ಅಂದೆ. ಸೊಕ್ಕು ಅಂದುಕೊಂಡರೋ ಏನೋ. ಕೊನೆಗೆ ಸಣ್ಣಮ್ಮನೇ ಬಂದು ಯಾಕವ್ವ ಎಂದರು. ಆ ಹುಡುಗಿಯ ಪಟ್ಟಿ ಇನ್ನೂ ಬಂದಿಲ್ಲ, ನಾನು ಗಂಡಿನ ಕಡೆಯವಳು, ಹೇಗೆ ಉಣ್ಣಲಿ ಎಂದೆ. ಸಣ್ಣಮ್ಮ ಅತ್ತು ಕೆಂಪಾದ ಕಣ್ಣಲ್ಲೇ ನಕ್ಕುಬಿಟ್ಟರು. “ಅದೂ ಸರಿಯೇ. ಕುದುರಿದ ಮೇಲೆ ಬಾ,” ಎಂದು ತಾವೇ ಬಾಗಿಲ ತನಕ ಕಳಿಸಿಕೊಟ್ಟರು.

ನಾಲ್ಕು ದಿನ ಬಿಟ್ಟು ಭಾಗ್ಯಳನ್ನು ಕರೆದುಕೊಂಡು ತ್ಯಾಮಗೊಂಡ್ಲಿಗೆ ಹೋದೆ. ಸಣ್ಣಮ್ಮ ಜಗುಲಿಯಲ್ಲೇ ಕೂತಿದ್ದರು. ಬನ್ನಿ ಎನ್ನುವ ಮೊದಲು, “ಕುದುರ್ತಾ?” ಎಂದರು. ಕುದುರಿತು ಎಂದೆ. ಒಳಗೆ ಹೋಗಿ ಒಲೆಗೆ ಹಾಲಿಟ್ಟರು. ನಾನೂ ಭಾಗ್ಯಳೂ ಎರಡೆರಡು ಲೋಟ ಕಾಪಿ ಕುಡಿದೆವು.