ಹನಿ ನೀರಿಲ್ಲದ ಇಪ್ಪತ್ತೊಂದು ಕಿಲೋಮೀಟರ್

ಚೆಂಬೂರಿನ ಕಾರ್ಖಾನೆ ಕಾಲೊನಿಯಲ್ಲಿ ಸುಮಿತ್ರಾ ಓಡುತ್ತಾಳೆಂಬ ಸುದ್ದಿ ಮೊದಲು ಹಬ್ಬಿದಾಗ ಯಾರೂ ಅದನ್ನು ಹೊಗಳಿಕೆಯಾಗಿ ಹೇಳಲಿಲ್ಲ. ಮೂವತ್ತೊಂಬತ್ತು ವರ್ಷದ, ವಿಮಾ ಕಚೇರಿಯಲ್ಲಿ ಗುಮಾಸ್ತೆಯಾದ, ಮೈಸೂರು ಕಡೆಯ ಗೃಹಸ್ಥೆಯೊಬ್ಬಳು ಬೆಳಗ್ಗೆ ಐದಕ್ಕೆ ಸಲ್ವಾರ್ ತೊಟ್ಟು, ಕ್ಯಾನ್ವಾಸ್ ಶೂ ಏರಿಸಿ ಹೈವೇ ಪಕ್ಕದಲ್ಲಿ ಓಡುವುದೆಂದರೆ ಏನರ್ಥ? ಹಾಲಿನ ಬೂತಿನ ಸಾಲಿನಲ್ಲಿ ನಿಂತವರಿಗೆ ಅಷ್ಟೇ ಸಾಕಾಯಿತು. ಯಾರಾದರೂ ಅಟ್ಟಿಸಿಕೊಂಡು ಬರುತ್ತಿದ್ದಾರೇನೋ ಎಂದು ಅವಳ ಹಿಂದೆ ಇಣುಕಿ ನೋಡಿದವರೂ ಉಂಟು.

ಓಟ ಅವಳಿಗೆ ಅಂಟಿಕೊಂಡದ್ದು ಆಕಸ್ಮಿಕ. ಕಚೇರಿಯ ಕ್ರೀಡಾಕೂಟದಲ್ಲಿ ಹೆಂಗಸರ ಓಟಕ್ಕೆ ಒಂದು ಹೆಸರು ಕಡಿಮೆ ಬಿದ್ದು ಇವಳನ್ನು ಎಳೆದುಕೊಂಡು ಹೋಗಿ ನಿಲ್ಲಿಸಿದರು. ಸೀರೆ ಎತ್ತಿ ಕಟ್ಟಿ ಓಡಿದವಳು ಎಲ್ಲರಿಗಿಂತ ಮೊದಲು ತಲುಪಿ, "ಮುಗಿದೇ ಹೋಯ್ತಾ?" ಎಂದು ಕೇಳಿದಳಂತೆ. ಹದಿನಾರು ವರ್ಷ ದಿನ ಬೆಳಗಾದರೆ ಎಂಟು ಹನ್ನೆರಡರ ಲೋಕಲ್ ರೈಲಿಗೆ ಓಡಿದವಳಿಗೆ ನೂರು ಮೀಟರು ಯಾವ ಲೆಕ್ಕ! ಅವತ್ತು ಎದೆಯೊಳಗೆ ಎದ್ದ ಖುಷಿ ಮತ್ತೆ ಬೇಕೆನಿಸಿತು. ಮದುವೆಯಾಗಿ ಬೊಂಬಾಯಿಗೆ ಬಂದ ಮೇಲೆ ತನಗಾಗಿ ಮಾತ್ರ ಬೇಕೆನಿಸಿದ ಮೊದಲ ವಸ್ತು ಅದು.

ಗಂಡ ತಿರುಮಲೇಶ ತಕರಾರಿನ ಮನುಷ್ಯನಲ್ಲ. ತಕರಾರು ಇದ್ದದ್ದು ಅತ್ತೆ ಕೌಸಲ್ಯಮ್ಮನದು. ಅದಕ್ಕೆ ಕಾರಣವೂ ಇತ್ತು. ಆರು ವರ್ಷದ ಹಿಂದೆ ಅವರ ಯಜಮಾನರು ಸತ್ಯಮೂರ್ತಿಗಳು ಘಾಟ್ಕೋಪರ್ ಸ್ಟೇಷನ್ನಿನಲ್ಲಿ ಹೊರಟ ಗಾಡಿಯ ಹಿಂದೆ ಓಡಿ, ಹಿಡಿಯಲಾಗದೆ, ಪ್ಲಾಟ್‌ಫಾರ್ಮಿನ ಮೇಲೆ ಕುಸಿದವರು ಏಳಲಿಲ್ಲ. ಅಂದಿನಿಂದ ಯಾರು ಓಡಿದರೂ ಆ ಮುದುಕಿಯ ಕೈ ಎದೆಗೆ ಹೋಗುತ್ತಿತ್ತು. ಆದರೆ ಅವರು ಅದನ್ನು ಬಾಯಿಬಿಟ್ಟು ಹೇಳುವ ಪೈಕಿಯವರಲ್ಲ. "ಹೆಂಗಸಿಗೆ ಇದೆಲ್ಲ ಯಾಕೆ" ಎಂದು ಬೇರೆ ದಾರಿಯಲ್ಲಿ ಗೊಣಗುತ್ತಿದ್ದರು.

ಎಂಬತ್ತರ ದಶಕದ ನಡುವಿನ ಒಂದು ಮಾರ್ಚ್ ತಿಂಗಳಲ್ಲಿ ಪೂರ್ವ ಉಪನಗರಗಳ ಅರ್ಧ ಮ್ಯಾರಥಾನ್ ನಡೆಯುವುದೆಂದು ಬಹಳ ಮೊದಲೇ ಪ್ರಕಟವಾಯಿತು. ಚೆಂಬೂರಿನ ಮೈದಾನದಿಂದ ಹೊರಟು, ಹೈವೇ ಹಿಡಿದು, ಘಾಟ್ಕೋಪರ್ ದಾಟಿ ಹೋಗಿ ಮತ್ತೆ ಅದೇ ಮೈದಾನಕ್ಕೆ. ಇಪ್ಪತ್ತೊಂದು ಕಿಲೋಮೀಟರ್. ಎರಡೂವರೆ ಗಂಟೆಯೊಳಗೆ ಬಂದವರ ಹೆಸರು ಮಾತ್ರ ಪಟ್ಟಿಗೆ; ಆಮೇಲೆ ರಸ್ತೆ ಲಾರಿಗಳ ಪಾಲು. ಸುಮಿತ್ರಾ ಹೆಸರು ಕೊಟ್ಟಳು, ಎಂಟು ತಿಂಗಳು ಬೆವರು ಹರಿಸಿದಳು. ಮಾವನ ಶ್ರಾದ್ಧ ಆ ತಿಂಗಳಲ್ಲೇ ಬರುತ್ತದೆಂದು ಗೊತ್ತಿತ್ತು. ಅಡುಗೆಮನೆಯ ಗೋಡೆಯ ಕ್ಯಾಲೆಂಡರ್ ನೋಡಿದಳು: ದಶಮಿ ಸೋಮವಾರ. ಓಟ ಭಾನುವಾರ. ಸದ್ಯ, ದೇವರು ದೊಡ್ಡವನು ಎಂದುಕೊಂಡಳು.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಶುಕ್ರವಾರ ಸಂಜೆ ಪುರೋಹಿತರಾದ ಜಯಸಿಂಹಾಚಾರ್ಯರು ಬಂದು, "ನಾಡಿದ್ದು ಭಾನುವಾರ ಹನ್ನೊಂದಕ್ಕೆಲ್ಲ ಬರ್ತೀನಿ, ಸಿದ್ಧವಾಗಿರಿ" ಎಂದರು. ಸುಮಿತ್ರಾ ಕೈಯಲ್ಲಿದ್ದ ಲೋಟ ಅಲ್ಲೇ ಇಟ್ಟು ಕ್ಯಾಲೆಂಡರಿನ ಕಡೆ ಕೈ ತೋರಿಸಿದಳು. ಆಚಾರ್ಯರು ನಕ್ಕರು. ಗೋಡೆಯ ಕ್ಯಾಲೆಂಡರು ಅಚ್ಚುಹಾಕುವುದು ಸೂರ್ಯೋದಯದ ತಿಥಿಯನ್ನು. ಶ್ರಾದ್ಧಕ್ಕೆ ಬೇಕಾದದ್ದು ಮಧ್ಯಾಹ್ನ ದಾಟಿದ ಹೊತ್ತಿನ ತಿಥಿ. ಆ ಸಲ ದಶಮಿ ಭಾನುವಾರ ಬೆಳಗ್ಗೆ ಹತ್ತಕ್ಕೆ ಹುಟ್ಟಿ ಸೋಮವಾರ ಒಂಬತ್ತಕ್ಕೇ ಮುಗಿದುಹೋಗುತ್ತಿತ್ತು. ಹುಟ್ಟಿದಾಗಿನಿಂದ ಪಂಚಾಂಗದ ಮನೆಯಲ್ಲಿ ಬೆಳೆದವಳು ಇಷ್ಟು ಮರೆತಳಲ್ಲ! ತನ್ನ ಮೇಲೆ ಅವಳಿಗೆ ಎಷ್ಟು ಸಿಟ್ಟು ಬಂತೆಂದರೆ ಆಚಾರ್ಯರಿಗೆ ನಮಸ್ಕಾರ ಮಾಡುವುದೂ ಮರೆತುಹೋಯಿತು.

ಅತ್ತ ದರಿ, ಇತ್ತ ಪುಲಿ. ಶ್ರಾದ್ಧ ಮಾಡುವವನ ಹೆಂಡತಿ ಮನೆಯಲ್ಲಿ ಇಲ್ಲದೆ ನಡೆಯದು. ಮಡಿಯುಟ್ಟು ಅಡುಗೆ ಮಾಡಬೇಕು, ಗಂಡನ ಕೈಗೆ ನೀರು ಬಿಡಬೇಕು. ಓಟ ಇನ್ನು ಒಂದು ವರ್ಷ ಬರುವುದಿಲ್ಲ, ಬಂದೀತೆಂಬ ಖಾತರಿಯೂ ಇಲ್ಲ. ರಾತ್ರಿ ಊಟದ ಹೊತ್ತಿಗೆ ಧೈರ್ಯ ಮಾಡಿದಳು.

"ಅತ್ತೆ, ಆರಕ್ಕೆ ಓಟ ಶುರು. ಎಂಟೂವರೆಗೆ ಮುಗಿಯತ್ತೆ. ಒಂಬತ್ತಕ್ಕೆ ಸ್ನಾನ ಮಾಡಿ ಒಲೆ ಮುಂದೆ ನಿಂತಿರ್ತೀನಿ."

ಕೌಸಲ್ಯಮ್ಮ ಸಾರಿನ ಪಾತ್ರೆಗೆ ಮುಚ್ಚಳ ಹಾಕಿದರು. ಆಮೇಲೆ, "ಮನೆ ನಿಯಮ ಗೊತ್ತಲ್ಲ? ಎದ್ದಾಗಿನಿಂದ ಬ್ರಾಹ್ಮಣರ ಎಲೆ ಎತ್ತೋವರ್ಗೂ ಹನಿ ನೀರೂ ಬಾಯಿಗೆ ಬೀಳಕೂಡದು. ಅದನ್ನ ನಡೆಸ್ಕೊಂಡು ಓಡೋ ಹಾಗಿದ್ರೆ ಓಡು" ಎಂದರು.

"ಅಮ್ಮ, ನೀರಾದ್ರೂ ಕುಡೀಲಿ. ಬಿಸಿಲಲ್ಲಿ ಅಷ್ಟು ದೂರ..." ಎಂದ ತಿರುಮಲೇಶ.

"ನಮ್ಮತ್ತೆ ಕಾಲದಿಂದ ನಡ್ಕೊಂಡು ಬಂದಿರೋದು. ನಿಮ್ಮಪ್ಪನಿಗೆ ಸಲ್ಲಬೇಕೋ ಬೇಡವೋ?"

ಸುಮಿತ್ರಾ ಹದಿನಾರು ವರ್ಷದಲ್ಲಿ, ಮಾವನ ಅಪ್ಪ ಅಮ್ಮನ ಶ್ರಾದ್ಧಗಳಲ್ಲೂ, ಆ ನಿಯಮವನ್ನು ಒಂದು ಸಲವೂ ಮುರಿದವಳಲ್ಲ. "ಆಗಲಿ ಅತ್ತೆ" ಎಂದಳು. ಕೌಸಲ್ಯಮ್ಮ ತಲೆಯೆತ್ತಿ ಅವಳನ್ನು ನೋಡಿದರು. ಆ ಉತ್ತರವನ್ನು ಅವರು ನಿರೀಕ್ಷಿಸಿರಲಿಲ್ಲ.

ಶನಿವಾರ ಮಧ್ಯಾಹ್ನ ಒಂದು ಊಟ, ರಾತ್ರಿ ಒಂದು ಹಿಡಿ ಅವಲಕ್ಕಿ, ಮಲಗುವ ಮುಂಚೆ ಎರಡು ಚೊಂಬು ನೀರು. ಭಾನುವಾರ ಆರಕ್ಕೆ ಮೈದಾನದಲ್ಲಿ ಮುನ್ನೂರು ಜನ, ಅವರಲ್ಲಿ ಹೆಂಗಸರು ಹನ್ನೊಂದು. ಸುಮಿತ್ರಾಳ ಬೆನ್ನಿಗೆ ೨೧೪ ಎಂಬ ಬಟ್ಟೆಯ ತುಂಡು. ಸೀಟಿ ಊದಿದ್ದೇ ತಡ, ಎಲ್ಲರೂ ನುಗ್ಗಿದರು. ಇವಳು ನುಗ್ಗಲಿಲ್ಲ. ಕಿಲೋಮೀಟರಿಗೆ ಆರೂವರೆ ನಿಮಿಷ, ಹೆಚ್ಚೂ ಬೇಡ, ಕಡಿಮೆಯೂ ಬೇಡ, ಎಂದು ತನಗೇ ಹೇಳಿಕೊಂಡು ಹೊರಟಳು.

ಐದನೇ ಕಿಲೋಮೀಟರಿನಲ್ಲಿ ಘಾಟ್ಕೋಪರ್ ತಿರುವಿನಲ್ಲಿ ನೀರಿನ ಮೇಜು. ಅಲ್ಲಿ ನಿಂತಿದ್ದವಳು ರಾಜೀವಿ. ಕಾಲೊನಿಯಲ್ಲಿ ಇವರ ಪಕ್ಕದ ಮನೆಯಾಕೆ, ಉಡುಪಿ ಕಡೆಯವಳು. ಎದುರಿಗಿದ್ದದ್ದು ಅವಳ ಗಂಡನ ಹೋಟೆಲು. ಓಟಗಾರರಿಗೆ ನಿಂಬೆ ನೀರು ಅವರದೇ ಸೇವೆ. "ಸುಮಿತ್ರಕ್ಕಾ, ತಗೊಳ್ಳಿ" ಎಂದು ಲೋಟ ಚಾಚಿದಳು. ಸುಮಿತ್ರಾ ನಕ್ಕು ಕೈ ಅಲ್ಲಾಡಿಸಿ ಮುಂದೆ ಹೋದಳು. ಆಗ ಅದು ಕಷ್ಟವೆನಿಸಲಿಲ್ಲ.

ಹತ್ತೂವರೆ ಕಿಲೋಮೀಟರಿನಲ್ಲಿ ಹಿಂದಕ್ಕೆ ತಿರುಗಿದಾಗ ಗಡಿಯಾರ ಏಳು ಗಂಟೆ ಎಂಟು ನಿಮಿಷ ತೋರಿಸುತ್ತಿತ್ತು. ಲೆಕ್ಕ ಸರಿಯಾಗಿತ್ತು. ಆದರೆ ಹೊರಡುವಾಗ ಹುಟ್ಟಿರದ ಸೂರ್ಯ ಈಗ ಮೇಲೇರುತ್ತಿದ್ದ, ಸೆಕೆ ಆಗಲೇ ಏರಿತ್ತು. ಹದಿಮೂರನೆಯದರಲ್ಲಿ ನಾಲಿಗೆ ಅಂಗುಳಕ್ಕೆ ಅಂಟಿತು. ಹದಿನಾಲ್ಕರಲ್ಲಿ ಅವಳು ಮುಖ ಒರೆಸಿಕೊಂಡರೆ ಬೆವರೇ ಇರಲಿಲ್ಲ, ಉಪ್ಪಿನ ಹರಳು ಕೈಗೆ ತಗುಲಿತು. ಆ ಸೆಕೆಯಲ್ಲೂ ತೋಳಿನ ಮೇಲೆ ನವಿರೆದ್ದಿತು. ಇದು ಒಳ್ಳೆಯ ಲಕ್ಷಣವಲ್ಲವೆಂದು ಅವಳಿಗೆ ಗೊತ್ತಿತ್ತು. ಪಕ್ಕದಲ್ಲಿ ಓಡುತ್ತಿದ್ದ ಗಂಡಸೊಬ್ಬ ತಲೆಯ ಮೇಲೆ ನೀರು ಸುರಿದುಕೊಂಡ. ನಾಲ್ಕು ಹನಿ ಅವಳ ತುಟಿಗೆ ಹಾರಿತು. ನಾಲಿಗೆ ತಾನಾಗಿ ಹೊರಗೆ ಬಂತು. ಹಲ್ಲು ಕಚ್ಚಿ, ತುಟಿಯನ್ನು ದುಪಟ್ಟಾದಲ್ಲಿ ಒರೆಸಿಕೊಂಡಳು.

ಇದು ಹುಚ್ಚಲ್ಲವೇ ಎಂದು ಯಾರಾದರೂ ಕೇಳಬಹುದು. ಹುಚ್ಚೇ. ಆದರೆ ಅವಳ ಲೆಕ್ಕ ಅವಳಿಗೆ ಸ್ಪಷ್ಟವಾಗಿತ್ತು. ಮಾತು ಉಳಿಸಿಕೊಂಡು ಓಡಿ ಮುಗಿಸಿದರೆ ಇನ್ನು ಮೇಲೆ ಯಾರೂ ಅವಳ ಶೂ ಕಡೆ ಬೆರಳು ತೋರಿಸುವ ಹಾಗಿಲ್ಲ. ಬಿದ್ದರೆ ಓಟವೆಂಬುದು ಆ ಮನೆಯಲ್ಲಿ ಅವತ್ತಿಗೇ ಮುಗಿಯಿತು. ಕುಡಿದರೆ ಮಾವನ ಎಲೆಯ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲುವುದು?

ಹದಿನಾರನೇ ಕಿಲೋಮೀಟರು. ಮತ್ತೆ ಅದೇ ತಿರುವು, ಅದೇ ಮೇಜು. ಅವಳು ರಸ್ತೆಯ ಬಿಳಿ ಗೆರೆಯ ಮೇಲೆ ಓಡುತ್ತಿದ್ದಳು, ಗೆರೆ ಎರಡಾಗಿ ಕಾಣುತ್ತಿತ್ತು. ರಾಜೀವಿ ಮೇಜು ಬಿಟ್ಟು ರಸ್ತೆಗೇ ಬಂದಳು.

"ಎಂತ ಅಕ್ಕ ಇದು, ಮುಖ ಬಿಳಿಚಿಕೊಂಡಿದೆ! ಒಂದು ಗುಟುಕು ಕುಡಿಯಿರಿ ಮಾರಾಯ್ರೇ, ನಿಮ್ಮ ಕಾಲಿಗೆ ಬೀಳ್ತೇನೆ."

"ಇವತ್ತು... ಶ್ರಾದ್ಧ" ಎನ್ನಲು ಹೋದಳು. ಮಾತು ಹೊರಡಲಿಲ್ಲ. ರಾಜೀವಿಯ ಕೈ ಬಿಡಿಸಿಕೊಂಡು ಓಡಿದಳು.

ಅಲ್ಲಿಂದ ಮುಂದಿನದು ಓಟವಲ್ಲ, ಜಗ್ಗಾಟ. ಕಿಲೋಮೀಟರಿಗೆ ಏಳೂಮುಕ್ಕಾಲು ನಿಮಿಷ ಹಿಡಿಯುತ್ತಿತ್ತು. ಹದಿನೆಂಟರಲ್ಲಿ ಎಡಗಾಲಿನ ಮೀನಖಂಡ ಕಟ್ಟಿಕೊಂಡಿತು. ಕೈಯಲ್ಲಿ ಗುದ್ದಿ, ಬಿಡಿಸಿ, ಕುಂಟುತ್ತ ಹೊರಟಳು. ನಿಂತರೆ ಬೀಳುತ್ತೇನೆಂಬ ಭಯ, ಓಡಿದರೂ ಬೀಳುತ್ತೇನೆಂಬ ಭಯ. ಮಾವ ಕುಸಿದಾಗ ಹೀಗೇ ಆಗಿತ್ತೇ ಎಂಬ ಯೋಚನೆ ಬಂತು. ಸಾಯುವುದಕ್ಕೆ ಅವಳಿಗೆ ಖಂಡಿತ ಮನಸ್ಸಿರಲಿಲ್ಲ.

ಹತ್ತೊಂಬತ್ತೂವರೆಯಲ್ಲಿ ಕಾಲೊನಿಯ ಗೇಟು ರಸ್ತೆಗೆ ತಾಗಿದಂತಿತ್ತು. ಅಲ್ಲಿ ನಡುರಸ್ತೆಯಲ್ಲಿ ಯಾರೋ ನಿಂತಿದ್ದರು. ಕಣ್ಣು ಕಿರಿದು ಮಾಡಿ ನೋಡಿದಳು. ಮಡಿಸೀರೆ, ಬರಿಗಾಲು, ಕೈಯಲ್ಲಿ ಹಿತ್ತಾಳೆಯ ಚೊಂಬು. ಕೌಸಲ್ಯಮ್ಮ! ಮಡಿಯುಟ್ಟ ಮೇಲೆ ಮಗನನ್ನೂ ಹತ್ತಿರ ಸೇರಿಸದ ಹೆಂಗಸು, ಬೆವರು ಸುರಿಸಿಕೊಂಡು ಓಡುತ್ತಿದ್ದ ಗಂಡಸರ ನಡುವೆ, ಮೈಗೆ ಮೈ ತಾಗಿಸಿಕೊಂಡು ನಿಂತಿದ್ದರು.

"ನಿಲ್ಲೇ! ನಿಲ್ಲು! ಕುಡಿ!"

ಸುಮಿತ್ರಾ ನಿಂತಳು. "ಎಲೆ... ಎತ್ತೋವರ್ಗೂ..." ಎಂದಳು.

"ಹಾಳಾಗ್ಲಿ ಎಲೆ! ರಾಜೀವಿ ಹೋಟ್ಲಿಂದ ಫೋನ್ ಮಾಡಿದ್ಲು, ನಿಮ್ಮ ಸೊಸೆ ಬೀಳೋ ಹಾಗಿದಾರೆ, ನೀರು ಮುಟ್ತಾ ಇಲ್ಲ ಅಂತ. ತಿರುಮಲೇಶ ಬಾಳೆಎಲೆ ತರಕ್ಕೆ ಮಾಟುಂಗಾಕ್ಕೆ ಹೋಗಿದಾನೆ. ನಾನೇ ಓಡ್ಬಂದೆ." ಮುದುಕಿಗೆ ಉಸಿರು ಸಿಗುತ್ತಿರಲಿಲ್ಲ. "ನೀರಿಗೆ ದೋಷ ಇಲ್ಲ ಕಣೇ. ಆಚಾರ್ಯರು ಯಾವತ್ತೋ ಹೇಳಿದ್ರು. ನಿಯಮ ಮುಂದಿಟ್ರೆ ಓಟ ಬಿಟ್ಬಿಡ್ತೀಯ ಅಂತ ಬಾಯಿ ಮುಚ್ಕೊಂಡಿದ್ದೆ. ಬಿಡದೇ ಹೋದ್ರೂ, ದಾರೀಲಿ ಕದ್ದು ಕುಡೀತೀಯ ಅಂದ್ಕೊಂಡೆ."

ಓಟ ಬಿಡಲೆಂದು ಮಾಡಿದ ತಂತ್ರ ಅವಳಿಗೆ ಅಷ್ಟು ನೋಯಲಿಲ್ಲ. ಕದ್ದು ಕುಡೀತೀಯ ಎಂಬುದು ಎದೆಗೆ ಚುಚ್ಚಿತು. ಹದಿನಾರು ವರ್ಷ ಒಂದೇ ಒಲೆಯ ಮುಂದೆ ನಿಂತು ಇಷ್ಟೇನಾ ನನ್ನನ್ನು ತಿಳಿದದ್ದು? ಕೂಗಿ ಕೇಳಬೇಕೆನಿಸಿತು, ಗಂಟಲು ಒಣಗಿತ್ತು. ಚೊಂಬು ಕಿತ್ತುಕೊಂಡು ಎತ್ತಿ ಕುಡಿದಳು. ಅರ್ಧ ನೀರು ಕತ್ತಿನ ಮೇಲೆ ಹರಿಯಿತು. ನಿಂತು, ಉಸಿರು ತೆಗೆದುಕೊಂಡು, ಮತ್ತೆ ಕುಡಿದಳು.

"ಸಾಕು, ಮನೆಗೆ ನಡಿ" ಎಂದು ಕೌಸಲ್ಯಮ್ಮ ಅವಳ ತೋಳು ಹಿಡಿದರು.

ಸುಮಿತ್ರಾ ಗಡಿಯಾರ ನೋಡಿದಳು. ಎಂಟು ಗಂಟೆ ಹದಿನಾರು ನಿಮಿಷ. ಉಳಿದದ್ದು ಹದಿನಾಲ್ಕು ನಿಮಿಷ, ಹೋಗಬೇಕಾದದ್ದು ಒಂದೂವರೆ ಕಿಲೋಮೀಟರು. ಚೊಂಬನ್ನು ಅತ್ತೆಯ ಕೈಗೆ ತುರುಕಿದಳು. "ಒಲೆ ಹಚ್ಚಿರಿ ಅತ್ತೆ, ಬಂದೆ" ಎಂದು ಹೊರಟೇಬಿಟ್ಟಳು. ಹಿಂದಿನಿಂದ ಅತ್ತೆ ಏನೋ ಕೂಗಿದರು. ತಿರುಗಿ ನೋಡಲಿಲ್ಲ.

ನೀರು ಬಿದ್ದ ತಕ್ಷಣ ಕಾಲಿಗೆ ರೆಕ್ಕೆ ಬಂತೆಂದರೆ ಅದು ಶುದ್ಧ ಸುಳ್ಳು. ಹೊಟ್ಟೆ ತೊಳಸಿತು. ಸ್ನಾಯು ಮತ್ತೆ ಎಳೆಯಿತು. ಮೈದಾನದ ಬಾಗಿಲಲ್ಲಿ ಕಾರ್ಯಕರ್ತನೊಬ್ಬ, "ದೋ ಮಿನಿಟ್! ಚಲೋ ಬೆಹೆನ್‌ಜೀ, ಚಲೋ!" ಎಂದು ಕಿರುಚುತ್ತ, ಗೆರೆಗೆ ಕಟ್ಟಿದ್ದ ಹಗ್ಗವನ್ನು ಬಿಚ್ಚಲು ಸಿದ್ಧನಾಗುತ್ತಿದ್ದ. ಅವಳು ಗೆರೆ ದಾಟಿದಾಗ ಎರಡು ಗಂಟೆ ಇಪ್ಪತ್ತೊಂಬತ್ತು ನಿಮಿಷ. ಪಟ್ಟಿಯಲ್ಲಿ ಕೊನೆಯಿಂದ ನಾಲ್ಕನೆಯ ಹೆಸರು. ಹೆಸರು ಬರೆಯುವುದನ್ನು ಕಣ್ಣಾರೆ ನೋಡಿ, ಉಪ್ಪು ಸಕ್ಕರೆಯ ನೀರು ಕುಡಿದು, ರಿಕ್ಷಾ ಹತ್ತಿದಳು.

ಮನೆಗೆ ಬಂದಾಗ ಕೌಸಲ್ಯಮ್ಮ ಎರಡನೇ ಸಲ ತಲೆಗೆ ನೀರು ಹಾಕಿಕೊಂಡು, ಹಸಿ ಸೀರೆಯಲ್ಲೇ ಒಲೆಯ ಮುಂದೆ ನಿಂತಿದ್ದರು. ಸುಮಿತ್ರಾ ಸ್ನಾನ ಮಾಡಿ ಒಳಗೆ ಹೋದಳು. ಒಬ್ಬರು ಹೆಸರುಬೇಳೆ ಪಾಯಸ, ಇನ್ನೊಬ್ಬರು ಬಾಳೆಕಾಯಿ ಪಲ್ಯ, ವಡೆ. ಆಚಾರ್ಯರು ಬಂದರು, ತಿರುಮಲೇಶನ ಕೈಗೆ ಇವಳು ನೀರು ಬಿಟ್ಟಳು, ಬ್ರಾಹ್ಮಣರು ಉಂಡು ಎದ್ದರು. ಯಾವುದೂ ಕೆಡಲಿಲ್ಲ. ಆದರೆ ಬೆಳಗಿನ ಆ ಮಾತು ಅವಳನ್ನು ಬಿಟ್ಟಿರಲಿಲ್ಲ.

ಮೂರು ಗಂಟೆಗೆ ಅತ್ತೆ ಸೊಸೆ ಇಬ್ಬರೇ ಎಲೆ ಹಾಕಿಕೊಂಡು ಕೂತಾಗ ಅವಳು ತಡೆಯಲಾರದೆ ಹೋದಳು.

"ಹದಿನಾರು ವರ್ಷ ಆಯ್ತು ಅತ್ತೆ, ಈ ಮನೆಗೆ ಬಂದು. ನಾನು ಕದ್ದು ಕುಡಿಯೋಳು ಅಂತ ಹೇಗೆ ಅಂದ್ಕೊಂಡ್ರಿ?"

ಕೌಸಲ್ಯಮ್ಮ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದರು. ಅವರ ಮುಖ ಕೆಂಪಾಯಿತು.

"ಮತ್ತಿನ್ನೇನು ಅಂದ್ಕೊಳ್ಳಲಿ? ಈ ನಿಯಮ ಮಾಡಿದ್ದು ನಮ್ಮತ್ತೆ. ಇಪ್ಪತ್ತೆರಡು ವರ್ಷ ಅವರ ಕೈಕೆಳಗಿದ್ದೆ. ಒಂದು ವರ್ಷ ಬಿಡದೆ ಬಚ್ಚಲಲ್ಲಿ ಬಾಗಿಲು ಹಾಕ್ಕೊಂಡು ಬೊಗಸೆ ಬೊಗಸೆ ಕುಡ್ದಿದೀನಿ." ಅವರು ಎಲೆಯಿಂದ ಕಣ್ಣೆತ್ತಲಿಲ್ಲ. "ನೀನೂ ಹಾಗೇ ಮಾಡ್ತಿದೀಯ ಅಂತಲೇ ತಿಳ್ಕೊಂಡಿದ್ದೆ. ಇವತ್ತು ಫೋನ್ ಬಂದ ಮೇಲೇ ಗೊತ್ತಾಗಿದ್ದು, ನನ್ನ ಮಾತನ್ನ ನಿಜ ಅಂತ ನಂಬಿದೋಳು ಒಬ್ಬಳಿದ್ದಾಳೆ ಅಂತ."