ಎದುರುಮನೆ ಅಕ್ಕನ ಟ್ರೇಲರ್

ಕಳೆದ ವಾರ ನಮ್ಮ ಬೀದಿಗೆ ಕಲಾಯಿ ಹಾಕುವವನೊಬ್ಬ ಬಂದಿದ್ದ. ಈಗ ಅವರು ಬರುವುದೇ ಅಪರೂಪ. ಮೂಲೆಮನೆಯವರು ಅಟ್ಟದಿಂದ ಹಳೆಯ ಹಿತ್ತಾಳೆ ಪಾತ್ರೆ ಇಳಿಸಿ ಕೊಟ್ಟಿದ್ದರು. ಕಾದ ಪಾತ್ರೆಯೊಳಗೆ ಅವನು ನವಸಾಗರದ ಪುಡಿ ಉದುರಿಸಿದ ಕೂಡಲೇ ಬಿಳಿ ಹೊಗೆ ಎದ್ದು, ಅದರ ಘಾಟು ಮೂಗಿಗೆ ಬಡಿಯಿತು. ತರಕಾರಿ ಚೀಲ ಹಿಡಿದುಕೊಂಡು ನಾನು ಅಲ್ಲೇ ನಿಂತುಬಿಟ್ಟೆ. ಕಣ್ಣು ಉರಿಯುತ್ತಿತ್ತು. ಆದರೂ ಹೊಗೆಯಿಂದ ಆಚೆ ಸರಿಯಲು ಮನಸ್ಸಾಗಲಿಲ್ಲ...

ಆ ವಾಸನೆ ನನಗೆ ಶಿರಸಿಯದು. ಅಲ್ಲಿನ ಒಂದು ಹೈಸ್ಕೂಲಿನಲ್ಲಿ ಪಾಠ ಮಾಡುತ್ತ ನಾನು ಕೆಲವು ವರ್ಷ ಒಬ್ಬಳೇ ಬಾಡಿಗೆ ಮನೆಯಲ್ಲಿದ್ದೆ. ಎದುರುಮನೆಯವರದು ಸಮಾರಂಭಗಳಿಗೆ ಅಡುಗೆಪಾತ್ರೆ ಬಾಡಿಗೆಗೆ ಕೊಡುವ ಉದ್ಯೋಗ. ಅವರ ಅಂಗಳದಲ್ಲಿ ಯಾವಾಗಲೂ ಕೊಪ್ಪರಿಗೆ, ಹಂಡೆ, ಬೋಗುಣಿಗಳು ಬಿಸಿಲಿಗೆ ಬೋರಲು ಬಿದ್ದಿರುತ್ತಿದ್ದವು. ಮದುವೆಯ ದಿನಗಳು ಶುರುವಾಗುವ ಮುಂಚೆ ಅಲ್ಲಿ ಕಲಾಯಿಯ ಹೊಗೆ ಏಳುತ್ತಿತ್ತು. ಆ ಮನೆಯ ಹೆಂಗಸನ್ನು ನಾನು ಅಕ್ಕ ಎನ್ನುತ್ತಿದ್ದೆ. ಅವರು ನನ್ನನ್ನು ಟೀಚರ್ ಎಂದೇ ಕರೆದರು, ಕೊನೆಯವರೆಗೂ.

ಅಕ್ಕ ಬನವಾಸಿ ಕಡೆಯವರು. ಮದುವೆಯಾಗಿ ಬಂದು ಎಷ್ಟು ಕಾಲವಾಗಿದ್ದರೂ ಮಾತಿನ ಧಾಟಿ ಬದಲಾಗಿರಲಿಲ್ಲ. ಉದ್ಯೋಗ ಅವರ ಯಜಮಾನರದು. ಯಾವ ಮನೆಗೆ ಏನು ಕಳಿಸಬೇಕು, ಎಷ್ಟು ಜನಕ್ಕೆ ಎಷ್ಟು ದೊಡ್ಡ ಕೊಪ್ಪರಿಗೆ, ಎಲ್ಲ ಅವರ ತಲೆಯಲ್ಲಿರುತ್ತಿತ್ತು. ಅಕ್ಕನದು ತಿಕ್ಕಿ ತೊಳೆಯುವ, ತೊಳೆಸುವ ಕೆಲಸ. ಹೀಗಿರುವಾಗ ಒಂದು ಬೆಳಿಗ್ಗೆ ಯಜಮಾನರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಮಾತು ತೊದಲತೊಡಗಿತು. ತೊದಲುವುದಕ್ಕೆ ನಾಚಿಕೆಯೋ ಏನೋ, ಬರಬರುತ್ತ ಅವರು ಮಾತಾಡುವುದನ್ನೇ ಬಿಟ್ಟರು. ಊರಿಗೆಲ್ಲ ಕೇಳುವಂತೆ ಫೋನಿನಲ್ಲಿ ಕೂಗಾಡುತ್ತಿದ್ದ ಮನುಷ್ಯ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದರು. ಅವರನ್ನು ಆಸ್ಪತ್ರೆಗೆ ಕರೆದೊಯ್ಯಲೆಂದೇ ಅಕ್ಕ ಆ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು, ಮನೆಯಲ್ಲಿದ್ದ ಸಣ್ಣ ವ್ಯಾನು ಓಡಿಸತೊಡಗಿದರು.

ಪಾತ್ರೆ ಸಾಗಿಸಲು ಬಾಡಿಗೆ ಟೆಂಪೊ ಇತ್ತು. ಯಜಮಾನರು ಗದರಿಸಿ ಹೇಳುವಾಗ ಸರಿಯಾದ ಹೊತ್ತಿಗೆ ಬರುತ್ತಿದ್ದ ಟೆಂಪೊ, ಅಕ್ಕ ಫೋನು ಮಾಡಿದರೆ ಬರಲಿಲ್ಲ. ಒಂದು ಗೃಹಪ್ರವೇಶಕ್ಕೆ ಪಾತ್ರೆ ಮುಟ್ಟುವಷ್ಟರಲ್ಲಿ ಆ ಮನೆಯವರು ನೆರೆಹೊರೆಯಲ್ಲಿ ಬೇಡಿ ತಂದ ಪಾತ್ರೆಗಳಲ್ಲಿ ಹೇಗೋ ಅಡುಗೆ ಮುಗಿಸಿದ್ದರು. ಅಂಗಳದಲ್ಲೇ ನಿಲ್ಲಿಸಿ ಅಕ್ಕನಿಗೆ ಬಯ್ದರಂತೆ. ಆ ಸುದ್ದಿ ಊರಲ್ಲಿ ಹಬ್ಬಿತು. ಮೈದುನ ಬಂದು, ಪಾತ್ರೆಗಳನ್ನೆಲ್ಲ ಮಾರಿ ಮನೆಯಲ್ಲಿ ಸುಮ್ಮನಿರಿ ಎಂದು ಹೇಳಿಹೋದ.

ಮರುದಿನ ಅಕ್ಕ ನನ್ನ ಬಾಗಿಲಿಗೆ ಬಂದರು. "ಟೀಚರ್, ವ್ಯಾನಿನ ಹಿಂದ ಒಂದು ಟ್ರೇಲರ್ ಕಟ್ತೀನಿ. ನಾನಽ ಒಯ್ತೀನಿ, ನಾನಽ ತರ್ತೀನಿ. ನೋಡಾಕ ಹೋಗೋದೈತಿ, ನೀವೂ ಬರ್ರಿ. ಒಬ್ಬಾಕಿ ಹೋದ್ರ ಯಾರೂ ನೆಟ್ಟಗ ಮಾತಾಡಂಗಿಲ್ಲ."

ನನಗೆ ಗಾಡಿಗಳ ಗಂಧವೇ ಇರಲಿಲ್ಲ. ಆದರೂ ರಜೆಯ ದಿನಗಳಲ್ಲಿ ಅವರ ಜೊತೆ ಹೊರಟೆ. ವ್ಯಾನಿನೊಳಗೆ ದೊಡ್ಡ ಕೊಪ್ಪರಿಗೆ ಹಿಡಿಸುವುದಿಲ್ಲ, ಅದಕ್ಕಾಗಿ ಇಷ್ಟೆಲ್ಲ ಓಡಾಟ. ಅಕ್ಕ ಆ ಕೊಪ್ಪರಿಗೆಯ ಬಾಯಿಯ ಅಗಲಕ್ಕೆ ಒಂದು ಹಗ್ಗ ಅಳೆದು ಗಂಟು ಹಾಕಿ, ಅದನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬರುತ್ತಿದ್ದರು.

ಮೊದಲು ನೋಡಿದ್ದು ಶಿರಸಿಯಲ್ಲೇ, ಒಂದು ವೆಲ್ಡಿಂಗ್ ಅಂಗಡಿಯಲ್ಲಿ. ಗದ್ದೆ ಉಳುವ ಟಿಲ್ಲರಿಗೆ ಕಟ್ಟುವಂಥ ಟ್ರೇಲರ್, ಸುತ್ತ ದಪ್ಪ ಕಬ್ಬಿಣದ ತಗಡು. ನಾನಂತೂ ಇದೇ ಸರಿ ಎಂದುಕೊಂಡೆ. ಅಂಗಡಿಯವನೂ ಬೇಕಾದಷ್ಟು ಹೇರಿ, ನಿಮ್ಮ ವ್ಯಾನು ಎಳೆದೇ ಎಳೆಯುತ್ತದೆ ಎಂದ.

"ಎಳಿತೈತಿ, ಖರೆ. ಇಳಿಜಾರಿನ್ಯಾಗ ನಿಂದ್ರತೈತೇನು?" ಎಂದು ಅಕ್ಕ ಕೇಳಿದರು.

ಅವನು ನಕ್ಕ. ಅಕ್ಕ ನಗಲಿಲ್ಲ. ವ್ಯಾನಿಗಿಂತ ಟ್ರೇಲರೇ ಭಾರವಾದರೆ ಬ್ರೇಕು ಹಾಕಿದಾಗ ಹಿಂದಿನಿಂದ ಅದು ದೂಡುತ್ತದೆ ಎಂದು ದಾರಿಯಲ್ಲಿ ನನಗೆ ಹೇಳಿದರು. ಡ್ರೈವಿಂಗ್ ಕಲಿಸಿದವರನ್ನು ಮತ್ತೆ ಹೋಗಿ ಕೇಳಿಕೊಂಡು ಬಂದಿದ್ದರಂತೆ.

ಎರಡನೆಯದು ಯಲ್ಲಾಪುರದ ಆಚೆ, ವಜ್ರಳ್ಳಿಯ ಒಂದು ಮನೆಯಲ್ಲಿತ್ತು. ಹಳೆಯ ಜೀಪಿನ ಟ್ರೇಲರ್. ಮನೆಯ ಹಿರಿಯರು ನಮಗೆ ಬೆಲ್ಲ, ನೀರು ಕೊಟ್ಟು ಕೂರಿಸಿ, "ಗಟ್ಟಿ ಇದ್ದು. ಎಂತ ಹಾಕಿದ್ರೂ ತಡ್ಕತ್ತು" ಎಂದರು. ಅಕ್ಕ ಪರೀಕ್ಷೆಗೆಂದು ತಂದಿದ್ದ ಬೋಗುಣಿ, ಮುಚ್ಚಳಗಳನ್ನು ಅದರೊಳಗಿಟ್ಟರು. ಹಿರಿಯರ ಮಗ ಅದನ್ನು ಜೀಪಿಗೆ ಕಟ್ಟಿ ರಸ್ತೆಯವರೆಗೆ ಹೋಗಿಬಂದ. ಸ್ಪ್ರಿಂಗು ಬಲು ಬಿಗಿ. ಪ್ರತಿ ಗುಂಡಿಗೂ ಟ್ರೇಲರ್ ಜಿಗಿಯಿತು. ಬರುವಷ್ಟರಲ್ಲಿ ಬೋಗುಣಿಯ ಅಂಚು ನೆಗ್ಗಿತ್ತು.

"ಭಾರ ಹಾಕಿದ್ರೆ ಹಾರ್ತಿಲ್ಲೆ," ಎಂದರು ಹಿರಿಯರು.

"ನಮ್ಮ ಪಾತ್ರಿ ಜಾಗಾ ತಿಂತಾವ್ರೀ, ಭಾರ ಎಲ್ಲಿಂದ ತರೂಣು?" ಎಂದು ಅಕ್ಕ ನೆಗ್ಗಿದ ಅಂಚನ್ನು ಸವರುತ್ತ ಎದ್ದರು. ಹಿರಿಯರು ಬೇಸರಿಸಲಿಲ್ಲ. ಹೊರಡುವಾಗ ಬಾಳೆಗೊನೆಯೊಂದನ್ನು ವ್ಯಾನಿನಲ್ಲಿಟ್ಟು ಕಳಿಸಿದರು.

ಮೂರನೆಯದು ಸಿಕ್ಕಿದ್ದು ಸಿದ್ದಾಪುರದಲ್ಲಿ. ಕಬ್ಬಿನಹಾಲಿನ ಯಂತ್ರವನ್ನು ಊರೂರಿಗೆ ಒಯ್ಯುತ್ತಿದ್ದವರೊಬ್ಬರು ಉದ್ಯೋಗ ನಿಲ್ಲಿಸಿ, ಯಂತ್ರ ತೆಗೆದು, ಟ್ರೇಲರ್ ಮಾರಾಟಕ್ಕಿಟ್ಟಿದ್ದರು. ಪೈಪಿನ ಚೌಕಟ್ಟು, ಸುತ್ತ ಜಾಲರಿ, ಸಣ್ಣ ಕಾರಿನ ಗಾಲಿ. ಕಾಗದಪತ್ರವೂ ಸರಿಯಾಗಿತ್ತು. ನೋಡಲು ಮಾತ್ರ ಏನೇನೂ ಇಲ್ಲ. ಅಕ್ಕ ಹಗ್ಗ ಬಿಚ್ಚಿ ಅಳೆದರು. ಕೊಪ್ಪರಿಗೆ ನೆಟ್ಟಗೆ ಕೂರುವಂತಿರಲಿಲ್ಲ, ಆದರೆ ಉಳಿದ ಪಾತ್ರೆಗಳ ಮೇಲೆ ಬೋರಲು ಹಾಕಿ ಕಟ್ಟಿದರೆ ನಿಲ್ಲುತ್ತಿತ್ತು. ಆಮೇಲೆ ಅವರು ಮಾಡಿದ್ದು ನನಗೆ ವಿಚಿತ್ರವೆನಿಸಿತು. ಮುಂದಿನ ಕಂಬಿಯನ್ನು ಎತ್ತಿ ನೋಡಿ, ಕೆಳಗಿಟ್ಟು, "ಟೀಚರ್, ನೀವು ಒಬ್ಬರಽ ತಳ್ರಿ" ಎಂದರು. ತಳ್ಳಿದೆ. ಸರಿಯಿತು. "ಈಗ ತಿರುಗಿಸ್ರಿ." ತಿರುಗಿಸಿದೆ. ಅಕ್ಕನ ಮುಖ ಅರಳಿತು. ಅದೇ ಇರಲಿ ಎಂದುಬಿಟ್ಟರು.

ಕಾರಣ ನನಗೆ ತಿಳಿದದ್ದು, ಶಾಲೆಯ ಮೈದಾನದಲ್ಲಿ ಅವರು ಹಿಂದಕ್ಕೆ ಓಡಿಸುವುದನ್ನು ಕಲಿಯಲು ಹೊರಟಾಗ. ಹಿಂದಕ್ಕೆ ಬರುವಾಗ ಟ್ರೇಲರನ್ನು ಎಡಕ್ಕೆ ಕಳಿಸಬೇಕೆಂದರೆ ಸ್ಟೇರಿಂಗ್ ಬಲಕ್ಕೆ ತಿರುಗಿಸಬೇಕು. ಅಕ್ಕ ತಿರುಗಿಸಿದಾಗೆಲ್ಲ ಅದು ಮಡಚಿಕೊಂಡು ವ್ಯಾನಿನ ಹಿಂಭಾಗಕ್ಕೆ ಬಂದು ತಾಗುತ್ತಿತ್ತು. ನಕ್ಕರು, ಬೈದರು, ಒಮ್ಮೆ ಕಣ್ಣೀರನ್ನೂ ಒರೆಸಿಕೊಂಡರು. ತನಗೆ ಇದು ಬೇಗ ಬರುವ ವಿದ್ಯೆಯಲ್ಲವೆಂದು ಅವರಿಗೆ ಮೊದಲೇ ಅನುಮಾನವಿತ್ತು. ಅದಕ್ಕೇ, ಕೊಂಡಿ ಬಿಚ್ಚಿ ಕೈಯಿಂದ ತಿರುಗಿಸಬಹುದಾದದ್ದನ್ನು ಆರಿಸಿದ್ದರು. ಮೈದುನ ಅದನ್ನು ನೋಡಿ ಆಟದ ಸಾಮಾನು ಎಂದು ನಕ್ಕು ಹೋದ. ಯಜಮಾನರು ಕಿಟಕಿಯಿಂದ ಒಮ್ಮೆ ನೋಡಿ ಮುಖ ತಿರುಗಿಸಿಕೊಂಡರು.

ಮೊದಲ ದೊಡ್ಡ ಕೆಲಸ ನಿಲ್ಕುಂದದ ಕಡೆಯ ಒಂದು ಮದುವೆ. ಆ ಮನೆಯವರು ಯಜಮಾನರ ಕಾಲದ ಗಿರಾಕಿಗಳು. ಗೃಹಪ್ರವೇಶದ ಕಥೆ ಕೇಳಿದ್ದರೂ ನಂಬಿ ಪಾತ್ರೆಗೆ ಹೇಳಿದ್ದರು. ಇದೂ ತಪ್ಪಿದರೆ ಮುಂದೆ ಯಾರೂ ಕರೆಯುವುದಿಲ್ಲವೆಂದು ಅಕ್ಕನಿಗೆ ಗೊತ್ತಿತ್ತು. ನಾದಿನಿಯನ್ನು ಯಜಮಾನರ ಹತ್ತಿರ ಬಿಟ್ಟು, ಮದುವೆಯ ಹಿಂದಿನ ದಿನ ಮಧ್ಯಾಹ್ನ ನಾವಿಬ್ಬರೂ ಹೊರಟೆವು. ಶಾಲೆಗೆ ಬೇಸಿಗೆ ರಜೆ ಬಿದ್ದಿತ್ತು.

ಅರ್ಧ ದಾರಿಯಲ್ಲಿ ಗಾಳಿ ಎದ್ದಿತು. ಹಿಂದೆಯೇ ದಪ್ಪ ಹನಿ. ಒಂದು ತಿರುವು ದಾಟಿದರೆ ರಸ್ತೆಗೆ ಅಡ್ಡಲಾಗಿ ದೊಡ್ಡ ಮರ. ನಮಗಿಂತ ಮುಂದೆ ಕುರ್ಚಿ ತುಂಬಿದ ಟೆಂಪೊ ಒಂದು ನಿಂತಿತ್ತು. ಅದರ ಡ್ರೈವರ್ ಇಳಿದು ಬಂದು, "ತಿರ್ಗ್ಸೂಕೆ ಜಾಗಿಲ್ಲ ಅಕ್ಕೋರೇ. ಮರ ಕಡೀವರೆಗೆ ಇಲ್ಲೇ ಕೂಕಣಿ" ಎಂದ. ಮರ ಕಡಿಯುವವರು ಯಾವಾಗ ಬರುತ್ತಾರೋ ಅವನಿಗೂ ತಿಳಿಯದು. ಫೋನಿಗೆ ಸಿಗ್ನಲ್ ಇರಲಿಲ್ಲ. ಒಂದು ಕಡೆ ದಿಬ್ಬ, ಇನ್ನೊಂದು ಕಡೆ ಇಳಿಜಾರು.

ಅಕ್ಕ ಕನ್ನಡಿಯಲ್ಲಿ ಹಿಂದಿನ ತಿರುವನ್ನು ನೋಡಿದರು. ಆಮೇಲೆ ಸೆರಗು ಬಿಗಿದು ಇಳಿದರು.

"ಗಾಲಿಗೆ ಕಲ್ಲು ಕೊಡ್ರಿ, ಟೀಚರ್."

ಕಲ್ಲು ಕೊಟ್ಟೆ. ಕೊಂಡಿ ಬಿಚ್ಚಿದರು. ವ್ಯಾನನ್ನು ಹಿಂದೆ ಮುಂದೆ ಮಾಡಿ, ಆ ಇಕ್ಕಟ್ಟಿನಲ್ಲೇ ಸ್ವಲ್ಪ ಸ್ವಲ್ಪವಾಗಿ ತಿರುಗಿಸಿದರು. ನಂತರ ಇಬ್ಬರೂ ಟ್ರೇಲರ್ ಹಿಡಿದೆವು. ಕೆಸರಿನಲ್ಲಿ ನನ್ನ ಚಪ್ಪಲಿ ಜಾರಿತು, ಕಳಚಿ ಎಸೆದೆ. ತುಂಬಿದ ಟ್ರೇಲರ್ ಮೈದಾನದಲ್ಲಿ ತಿರುಗಿದಷ್ಟು ಸಲೀಸಾಗಿ ತಿರುಗಲಿಲ್ಲ. ಒಮ್ಮೆ ಇಳಿಜಾರಿನ ಕಡೆ ಎಳೆಯಿತು. ಅಷ್ಟರಲ್ಲಿ ಟೆಂಪೊದವನು ಓಡಿಬಂದು ಜಾಲರಿ ಹಿಡಿದ. ಮೂವರೂ ಸೇರಿ ತಿರುಗಿಸಿ, ಕೊಂಡಿ ಹಾಕಿದೆವು. ಅವನೇ ಹಿಂದಿನ ಕೇರಿಯಿಂದ ಹಳ್ಳ ದಾಟಿ ಹೋಗುವ ಕಚ್ಚಾ ದಾರಿ ಹೇಳಿದ.

ಆ ದಾರಿಯ ಇಳಿಜಾರನ್ನು ನಾನು ಈಗಲೂ ಮರೆತಿಲ್ಲ. ಕೆಳಗೆ ಹಳ್ಳದ ಮೇಲೆ ಕಿರಿದಾದ ಮೋರಿ, ಕೆಂಪು ಕೆಸರು. "ಮಾತಾಡಬ್ಯಾಡ್ರಿ ಟೀಚರ್, ಸುಮ್ನ ಕೂಡ್ರಿ," ಎಂದು ಅಕ್ಕ ಒಂದನೇ ಗೇರಿಗೆ ಹಾಕಿದರು. ಹಿಂದೆ ಪಾತ್ರೆಗಳು ಒಂದಕ್ಕೊಂದು ಬಡಿದು ಗಣಗಣ ಎನ್ನುತ್ತಿದ್ದವು. ಟ್ರೇಲರ್ ನಮ್ಮನ್ನು ದೂಡಲಿಲ್ಲ. ಹಿಂದೆ ಹಿಂದೆ ಬಂತು, ಅಷ್ಟೇ. ಮೋರಿ ದಾಟಿ ಆಚೆಯ ದಡ ಹತ್ತಿದ ಮೇಲೆ ನಾನು ಉಸಿರುಬಿಟ್ಟೆ...

ಕತ್ತಲಾಗುವ ಮುಂಚೆಯೇ ಮದುವೆ ಮನೆ ಮುಟ್ಟಿದೆವು. ಅಡುಗೆಯವರು ಗೇಟಿನ ಹತ್ತಿರವೇ ನಿಂತಿದ್ದರು. "ಬಂದ್ರಾ ಮಾರಾಯ್ತಿ! ಬೆಲ್ಲ ಕುಟ್ಟಿಟ್ಟಾಗಿದೆ, ಪಾಕ ಮಾಡೂಕೆ ಪಾತ್ರೆ ಇಲ್ಲ ನಮಗೆ" ಎನ್ನುತ್ತ ಕೊಪ್ಪರಿಗೆಯ ಹಗ್ಗ ಬಿಚ್ಚತೊಡಗಿದರು. ಮದುಮಗಳ ಅಪ್ಪ ಓಡಿಬಂದವರು ಪಾತ್ರೆಗಳನ್ನು ನೋಡಿ ಜಗಲಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಅಕ್ಕ ಮಾತ್ರ ಸೀಟಿನಿಂದ ಏಳಲಿಲ್ಲ. ಏನಾಯಿತೆಂದು ಹೋಗಿ ನೋಡಿದೆ.

"ಏನಿಲ್ಲ ಟೀಚರ್. ಜರಾ ಕೂಡ್ತೀನಿ," ಎಂದು ನಕ್ಕರು. ಮುಖವೆಲ್ಲ ಒದ್ದೆಯಾಗಿತ್ತು. ಮಳೆಯದೋ ಕಣ್ಣೀರೋ ನಾನು ಕೇಳಲಿಲ್ಲ. ಅವರ ಪಕ್ಕದಲ್ಲಿ ಬರಿಗಾಲಲ್ಲಿ ಕುಳಿತು ನಾನೂ ನಕ್ಕೆ. ಅಷ್ಟು ಹಗುರಾಗಿ ನಾನು ನಕ್ಕದ್ದು ಆ ವರ್ಷದಲ್ಲಿ ಅದೇ ಮೊದಲಿರಬೇಕು.

ಮರುದಿನ ಊಟ ಮುಗಿಸಿ, ಪಾತ್ರೆ ತುಂಬಿಕೊಂಡು ಮನೆಗೆ ಬಂದಾಗ ಯಜಮಾನರು ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ಮರ ಬಿದ್ದ ಸುದ್ದಿ ಊರಿಗೆ ಮುಟ್ಟಿತ್ತಂತೆ. ಆಗಿನಿಂದ ಒಳಗೆ ಬರಲು ಒಪ್ಪಿಲ್ಲ, ತುತ್ತು ಅನ್ನ ಮುಟ್ಟಿಲ್ಲ ಎಂದು ನಾದಿನಿ ದೂರಿದಳು. ಯಜಮಾನರು ಟ್ರೇಲರ್ ನೋಡಿದರು, ಹೆಂಡತಿಯನ್ನು ನೋಡಿದರು. ಗಂಟಲು ಸರಿಮಾಡಿಕೊಂಡು, ಬಹಳ ಕಷ್ಟಪಟ್ಟು, "ಊಟ... ಆತೇನು?" ಎಂದರು.

ಅಕ್ಕ ವ್ಯಾನಿನ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಅವರ ಊಟ ಆಗಿತ್ತು, ನನಗೆ ಗೊತ್ತು, ಪಕ್ಕದ ಎಲೆಯಲ್ಲೇ ಕುಳಿತಿದ್ದೆ. "ಇಲ್ಲ. ನಿಮಗ ಕಾಯಾಕತ್ತಿದ್ದೆ," ಎಂದರು. ಒಳಗೆ ಹೋಗಿ ಎರಡು ತಟ್ಟೆ ಇಟ್ಟ ಸದ್ದು ನನಗೆ ಕೇಳಿತು. ನಾನು ಮೆಲ್ಲನೆ ರಸ್ತೆ ದಾಟಿ ನನ್ನ ಮನೆಗೆ ಬಂದೆ.

ಆಮೇಲೆ ಯಜಮಾನರು ತೊದಲುತ್ತಲೇ ಫೋನಿನಲ್ಲಿ ಕೆಲಸ ಒಪ್ಪಿಕೊಳ್ಳಲು ಶುರುಮಾಡಿದರು. ಅಕ್ಕನ ವ್ಯಾನು ಶಿರಸಿ, ಯಲ್ಲಾಪುರ, ಸಿದ್ದಾಪುರ ಮೂರೂ ತಾಲೂಕು ತಿರುಗಿತು. ವರ್ಗವಾಗಿ ನಾನು ಹುಬ್ಬಳ್ಳಿಗೆ ಬಂದೆ. ಹೊರಡುವ ದಿನ ನನ್ನ ಪುಸ್ತಕ, ಹಾಸಿಗೆ, ಸ್ಟೌವನ್ನು ಬಸ್‌ಸ್ಟ್ಯಾಂಡಿಗೆ ತಂದುಕೊಟ್ಟದ್ದೂ ಅಕ್ಕನೇ.

ಇಲ್ಲಿಗೆ ಬಂದ ಮೇಲೆ ನನಗೊಂದು ಭಯ ಅಂಟಿಕೊಂಡಿತು. ಶಿರಸಿ ಕಡೆಯಿಂದ ಹೊತ್ತಲ್ಲದ ಹೊತ್ತಿನಲ್ಲಿ ಫೋನು ಬಂದರೆ ಎತ್ತಲು ಹೆದರುತ್ತಿದ್ದೆ. ಯಾವ ಇಳಿಜಾರೋ, ಯಾವ ಮಳೆಯೋ... ಆ ಟ್ರೇಲರ್ ಆರಿಸುವಾಗ ನಾನೂ ಇದ್ದೆನಲ್ಲ, ತಳ್ಳಿ ತಿರುಗಿಸಿ ಅವರಿಗೆ ಧೈರ್ಯ ಬರಿಸಿದವಳು ನಾನೇ ಅಲ್ಲವೇ ಎನಿಸುತ್ತಿತ್ತು. ಅಕ್ಕ ಪಾತ್ರೆ ಹೇರಿಕೊಂಡು ಹೊರಟ ದಿನ ಸಂಜೆ ನಾನೇ ಫೋನು ಮಾಡಿ, ಮುಟ್ಟಿದಿರಾ ಎಂದು ಕೇಳುತ್ತಿದ್ದೆ.

ಕೊನೆಗೂ ಫೋನು ಬಂತು. ಅಕ್ಕ ಇನ್ನಿಲ್ಲ ಎಂದಷ್ಟೇ ನಾದಿನಿ ಹೇಳಿದಳು. ಹೇಗೆಂದು ಕೇಳುವ ಧೈರ್ಯ ನನಗಾಗಲಿಲ್ಲ. ಬಸ್ಸಿನಲ್ಲಿ ಉದ್ದಕ್ಕೂ ಕಣ್ಣುಮುಚ್ಚಿ ಕುಳಿತು ಹೋದೆ. ಯಜಮಾನರು ಎಡಗೈಯಿಂದ ನನ್ನ ಕೈ ಹಿಡಿದುಕೊಂಡು, ನಿಧಾನವಾಗಿ ಎಲ್ಲ ಹೇಳಿದರು. ಅಕ್ಕ ಸಂಜೆ ಒಂದು ಮುಂಜಿಮನೆಯಿಂದ ಬಂದಿದ್ದರಂತೆ. ಕೈಕಾಲು ತೊಳೆದು, ಪಾತ್ರೆ ನಾಳೆ ಇಳಿಸಿದರಾಯಿತು ಎಂದು, ಚಹಾ ಕುಡಿದು ಅಡ್ಡಾದರಂತೆ. ಎಬ್ಬಿಸಲು ಹೋದಾಗ ಉಸಿರಿರಲಿಲ್ಲ. "ಮಲಗಿದ್ದಲ್ಲೇ ಟೀಚರ್... ಮನಿಯಾಗ," ಎಂದರು.

ರಸ್ತೆ ಅವರಿಗೆ ಏನೂ ಮಾಡಿರಲಿಲ್ಲ. ಅದನ್ನು ಕೇಳಿ ನನ್ನೊಳಗೆ ವರ್ಷಗಳಿಂದ ಬಿಗಿದುಕೊಂಡಿದ್ದೇನೋ ಸಡಿಲಾಯಿತು. ಸಾವಿನ ಮನೆಯಲ್ಲಿ ಕುಳಿತು ಸಮಾಧಾನಪಡುವುದು ಸರಿಯೋ ತಪ್ಪೋ ಎಂದು ಆಗ ನಾಚಿಕೆಯಾಗಿತ್ತು. ಈಗ ಆಗುವುದಿಲ್ಲ. ಕಳೆದ ವಾರ ಆ ಕಲಾಯಿಯ ಹೊಗೆಯಲ್ಲಿ ತರಕಾರಿ ಚೀಲ ಕೆಳಗಿಟ್ಟು, ಅಭ್ಯಾಸದಂತೆ ಫೋನು ಕೈಗೆತ್ತಿಕೊಂಡು ಅಕ್ಕನ ನಂಬರು ಹುಡುಕಿದೆ. ಅದು ಇನ್ನೂ ಇದೆ. ಹೇಳುವುದಕ್ಕೆ ಅಂಥ ವಿಷಯವೂ ಏನಿರಲಿಲ್ಲ, ಸುಮ್ಮನೆ "ಅಕ್ಕಾ, ಮುಟ್ಟಿದಿರಾ?" ಎಂದು ಕೇಳಬೇಕೆನಿಸಿತ್ತು.