ಕರೆಂಟು ಹೋದಾಗಿನ ಒಂದು ಸಾಲು

ಬಾಶೆಟ್ಟಿಹಳ್ಳಿಯ ಕಾರ್ಖಾನೆಯೊಂದರಲ್ಲಿ ತಗಡು ಒತ್ತುವ ಪ್ರೆಸ್ಸಿಗೆ ಪ್ರೋಗ್ರಾಂ ಬರೆಯುತ್ತಿದ್ದ ಧನುಶ್ರೀಗೆ ಮೂರು ತಿಂಗಳಿಂದ ಒಂದೇ ಯೋಚನೆ: ಮೊದಲು ಕಲಿಯಬೇಕಾದದ್ದು ಟಿಎಲ್‌ಎ ಪ್ಲಸ್ ಎಂಬುದನ್ನೋ, ಅಲಾಯ್ ಎಂಬುದನ್ನೋ? ಯಂತ್ರ ಏನು ಮಾಡಬೇಕು, ಏನು ಮಾಡಲೇಕೂಡದು ಎಂಬುದನ್ನು ಪ್ರೋಗ್ರಾಮಿಗೂ ಮುಂಚೆ ಗಣಿತದಷ್ಟು ಬಿಗಿಯಾಗಿ ಬರೆದಿಡುವ ಭಾಷೆಗಳಿವು. ಹೆಜ್ಜೆಯ ಹಿಂದೆ ಹೆಜ್ಜೆ ನಡೆಯುವುದನ್ನು ಹೇಳಲು ಮೊದಲನೆಯದು ಸಲೀಸಂತೆ. ಯಾವುದಕ್ಕೆ ಯಾವುದು ಗಂಟುಬಿದ್ದಿದೆ ಎಂದು ಬಿಡಿಸಲು ಎರಡನೆಯದಂತೆ. ಕಂಪನಿ ಬಸ್ಸಿನಲ್ಲಿ ಓದಿದಳು, ಊಟದ ಡಬ್ಬಿ ಮುಂದಿಟ್ಟುಕೊಂಡು ಓದಿದಳು. ಆ ಭಾಷೆಗಳಲ್ಲಿ ಬರೆದದ್ದು ಒಂದಕ್ಷರವೂ ಇಲ್ಲ. ಪ್ರೆಸ್ಸೇನೂ ಅದಕ್ಕಾಗಿ ಕಾಯಲಿಲ್ಲ, ಅವಳ ಪ್ರೋಗ್ರಾಮಿನಲ್ಲೇ ಓಡತೊಡಗಿತು.

ಮಂಗಳವಾರ ಕರೆಂಟು ಹೋಯಿತು. ಸಿಕ್ಕಿಕೊಂಡ ತಗಡು ಬಿಡಿಸಲು ಕೆಲಸಗಾರ ಜವರಪ್ಪ ಕೈ ಹಾಕಿದ. ಕರೆಂಟು ಬಂತು. ಕರೆಂಟು ಹೋಗುವ ಮುಂಚೆ ಒತ್ತಿದ್ದ ಗುಂಡಿ ಯಂತ್ರದ ನೆನಪಿನಲ್ಲಿ ಹಾಗೇ ಉಳಿದಿತ್ತು. ಪ್ರೆಸ್ಸು ಇಳಿದು ಎರಡು ಬೆರಳು ಹೋದವು.

"ಕೈ ಹಾಕಿದ್ದು ಅವನ್ದೇ ತಪ್ಪು ಅಂತ ಬರ್ದಿದೀವಿ. ನೀನೂ ಒಂದ್ ಸೈನ್ ಹಾಕ್ಬಿಡಮ್ಮ," ಎಂದು ಮ್ಯಾನೇಜರು ಕಾಗದ ಕೊಟ್ಟ. ನಾಳೆ ಕೊಡುತ್ತೇನೆಂದು ಅವಳು ಅದನ್ನು ದೊಡ್ಡಬಳ್ಳಾಪುರದ ಮನೆಗೆ ತಂದಳು.

ಸಂಜೆ ಅಲ್ಲೂ ಕರೆಂಟು ಹೋಯಿತು. ಅಪ್ಪ ಯೋಗಾನಂದ ಮೊದಲು ಮನೆಯ ನಾಲ್ಕು ವಿದ್ಯುತ್ ಮಗ್ಗಗಳ ಹ್ಯಾಂಡಲ್ ಎಳೆದ. ಬೆವರು ಒರೆಸಿಕೊಂಡದ್ದು ಆಮೇಲೆ. ಎಳೆಯದಿದ್ದರೆ ಕರೆಂಟು ಬಂದ ಕ್ಷಣ ಮಗ್ಗ ತಾನಾಗಿ ಓಡಿ ಲಾಳಿ ಎದೆಗೆ ಬೀಳಬಹುದು. ಆ ಬೀದಿಯ ಆರು ವರ್ಷದ ಮಕ್ಕಳಿಗೂ ಇದು ಗೊತ್ತು. ಧನುಶ್ರೀಯೂ ಆ ವಯಸ್ಸಿನಲ್ಲಿ ಆಟ ಬಿಟ್ಟು ಓಡಿಬಂದು ಎಳೆದವಳೇ.

"ಏನಮ್ಮಾ, ನಿಂತ್ಕಂಡ್ ನೋಡ್ತೀಯ? ಹ್ಯಾಂಡ್ಲು ಎಳೆಯೋದು ಮರ್ತೋಯ್ತಾ ಇಂಜಿನಿಯರಮ್ಮಂಗೆ?"

"ಮರ್ತಿದ್ದೆ ಅಪ್ಪ," ಎಂದಳು. ಅಪ್ಪ ನಕ್ಕ. ಅವಳಿಗೆ ಮುಖ ಎತ್ತಲಾಗಲಿಲ್ಲ.

ಯಾವ ಭಾಷೆ ಬೇಕಿತ್ತು ಇದಕ್ಕೆ? ಇನ್ನೊಬ್ಬರ ಕೈ ಯಂತ್ರದ ಬಾಯಲ್ಲಿರುವಾಗ ನಾವು ಓದಿದವರು ಪೆನ್ನು ಆರಿಸುತ್ತಾ ಕೂರುತ್ತೇವೆ. ಅದಕ್ಕೆ ಕಲಿಕೆ ಅನ್ನುತ್ತೇವೆ.

ಅವಳು ಸಹಿ ಹಾಕಲಿಲ್ಲ. ಕಾಗದ ತಿರುವಿ ಹಿಂಬದಿಯಲ್ಲಿ ಬರೆದಳು: 'ಕರೆಂಟು ಹೋದೊಡನೆ, ಒತ್ತಿದ ಗುಂಡಿಯನ್ನು ಯಂತ್ರ ಮರೆಯಬೇಕು. ಈ ಸಾಲನ್ನು ನಾನು ಬರೆದಿರಲಿಲ್ಲ. ತಪ್ಪು ನನ್ನದು.' ಅದರ ಕೆಳಗೆ ಸಹಿ ಹಾಕಿದಳು.

ಬೆಳಿಗ್ಗೆ ಅದನ್ನು ಮ್ಯಾನೇಜರಿಗೆ ಕೊಡುವ ಮುಂಚೆ ಆಸ್ಪತ್ರೆಗೆ ಹೋಗಿ ಜವರಪ್ಪನಿಗೆ ಓದಿ ಹೇಳಿದಳು. ಅವನು ಬ್ಯಾಂಡೇಜು ಸುತ್ತಿದ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ಕೇಳಿದ.

"ಇಷ್ಟೇನಾ ಮೇಡಂ? ಇದ್ನ ಮುಂಚೇನೇ ಬರೀಬೋದಿತ್ತಲ್ಲ?"